ಅಂಗಾಲನ್ನೂ ಒಮ್ಮೆ ತಿರುಗಿಸಿ ನೋಡಿ

ಮಾಸ್ತಿ ಎಂದೊಡನೆ ಓದುಗರ ಮನಸ್ಸಿಗೆ ಬರುವುದು ಸಣ್ಣಕತೆ. ಮಾಲೂರು ತಾಲ್ಲೂಕಿನ ಆ ಊರಿನ ಆಸುಪಾಸಿನಲ್ಲಿ ಕೂಲಿನಾಲಿ ಮಾಡುವವರಿಗೆ ಮೊದಲು ಎದುರಾಗುವುದು ಬಿಸಿಲು. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದ ಬಯಲುಸೀಮೆ ಇದು. ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ಮಧ್ಯಾಹ್ನ ನೆಟ್ಟ ಗೂಟಕ್ಕೂ ನೆರಳಿರುವುದಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ಯುವವರು, ಟೊಮೆಟೊ ಬಿಡಿಸುವವರು, ಇಟ್ಟಿಗೆ ಅಚ್ಚು ಹಾಕುವವರು ಹಗಲು ಕಳೆಯುವುದು ಈ ಬಿಸಿಲಿನಲ್ಲೇ.

ಇಷ್ಟಾದರೂ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಅಪರೂಪ. ಬಿಳಿಯರೇ ಹೆಚ್ಚಾಗಿರುವ ಆಸ್ಟ್ರೇಲಿಯಾದಲ್ಲಿ ಮಿಕ್ಕೆಲ್ಲ ಕ್ಯಾನ್ಸರುಗಳಿಗಿಂತ ಅದೇ ಹೆಚ್ಚು. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ. ಸೂರ್ಯನ ನೇರಳಾತೀತ ಕಿರಣಗಳು ಜೀವಕೋಶಗಳನ್ನು ಕೆಡಿಸುವ ಮೊದಲೇ ಅವುಗಳಲ್ಲಿ ಬಹುಪಾಲನ್ನು ಅದು ಹೀರಿಕೊಳ್ಳುತ್ತದೆ. ಬೆಳ್ಳಗಾಗಲೆಂದು ಕ್ರೀಮಿಗೆ ಹಣ ಸುರಿಯುವ ನಮಗೆ ಈ ಪುಕ್ಕಟೆ ಕೊಡೆಯ ಬೆಲೆ ಗೊತ್ತೇ ಇಲ್ಲ!

ಈ ಕೊಡೆ ಇಲ್ಲದೆ ಹುಟ್ಟುವ ಮಕ್ಕಳೂ ಇದ್ದಾರೆ. ಕೂದಲು, ರೆಪ್ಪೆ, ಮೈ ಎಲ್ಲವೂ ಬೆಳ್ಳಗೆ. ಬೆಳಕಿಗೆ ಕಣ್ಣು ಬಿಡಲಾರದ ಕಷ್ಟ. ಇದು ಆಲ್ಬಿನಿಸಂ. ತೊನ್ನೂ ಅಲ್ಲ, ಶಾಪವೂ ಅಲ್ಲ, ಹುಟ್ಟಿನಿಂದ ಬಂದ ಕೊರತೆ. ಇವರಿಗೆ ಬಿಸಿಲು ನಿಜವಾದ ಶತ್ರು. ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಇವರಿಗೆ ಷೋಕಿಯಲ್ಲ, ಔಷಧಿ. ಶಾಲೆಯಲ್ಲಿ ಮಧ್ಯಾಹ್ನದ ಡ್ರಿಲ್ಲಿನಿಂದ ಇಂಥ ಮಗುವನ್ನು ಬಿಡಿಸಿ, ಮುಂದಿನ ಸಾಲಿನಲ್ಲಿ ಕೂರಿಸುವಷ್ಟು ಕೆಲಸ ಮೇಷ್ಟರೇ ಮಾಡಬಹುದು.

ಉಳಿದವರಿಗೆ ತಲೆಯ ಟವೆಲ್ಲು, ಸೀರೆಯ ಮೇಲೆ ಹೆಂಗಸರು ತೊಡುವ ಗಂಡಸರ ಹಳೆಯ ಷರಟು ಒಳ್ಳೆಯ ರಕ್ಷಣೆಯೇ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದಷ್ಟು ಹೊತ್ತೂ ಕಿರಣಗಳು ಚುರುಕು ಎಂದು ತಿಳಿಯಿರಿ. ಬಿಸಿಲಿನಿಂದ ಕಣ್ಣಿನ ಪೊರೆಯೂ ಬೇಗ ಬರಬಹುದು.

ಆದರೆ ನಮ್ಮವರಲ್ಲಿ ಈ ರೋಗ ಅಡಗಿ ಕೂರುವ ಜಾಗಗಳು ಹಲವು ಸಲ ಬಿಸಿಲೇ ಬೀಳದಂಥವು. ಚರ್ಮದ ಕ್ಯಾನ್ಸರುಗಳಲ್ಲಿ ಅತಿ ಅಪಾಯಕಾರಿಯಾದ ಮೆಲನೋಮ ಕಪ್ಪು ಮೈಬಣ್ಣದವರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಜಮೈಕಾದ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಉಗುರಿನಡಿ 1977ರಲ್ಲಿ ಪತ್ತೆಯಾದದ್ದು ಇದೇ. ಫುಟ್‌ಬಾಲ್ ಆಟದ ಪೆಟ್ಟಿರಬೇಕು ಎಂದುಕೊಂಡಿದ್ದರು. 1981ರಲ್ಲಿ ಆತ ತೀರಿಕೊಂಡಾಗ ವಯಸ್ಸು 36.

ಬರಿಗಾಲಲ್ಲಿ ಹೊಲ ತುಳಿಯುವವರಿಗೆ ಅಂಗಾಲಿನ ಕಲೆ ಎಂದರೆ ಮುಳ್ಳು, ಇಲ್ಲವೇ ಆಣಿ. ಅರಿಶಿನ ಮೆತ್ತಿ ಸುಮ್ಮನಾಗುತ್ತಾರೆ. ಸಕ್ಕರೆ ಕಾಯಿಲೆಯವರಾದರೆ ಅದರ ಹುಣ್ಣೆಂದೇ ತಿಂಗಳುಗಟ್ಟಲೆ ಪಟ್ಟಿ ಕಟ್ಟಿಸುತ್ತಾರೆ.

ಹಳೆಯ ಸುಟ್ಟಗಾಯವೂ ಕಣ್ಣಳತೆಯಲ್ಲಿರಬೇಕು. ಚಿಕ್ಕಂದಿನಲ್ಲಿ ಒಲೆಯ ಬೆಂಕಿ ತಗುಲಿದ ಕಲೆ ಹತ್ತಾರು ವರ್ಷಗಳ ಮೇಲೆ ಒಡೆದು ಹುಣ್ಣಾಗಿ, ಕ್ಯಾನ್ಸರಿಗೆ ತಿರುಗುವುದುಂಟು. ಕಾಶ್ಮೀರಿಗಳು ಚಳಿಗೆ ಬಟ್ಟೆಯೊಳಗೆ ಇಟ್ಟುಕೊಳ್ಳುವ ಕಾಂಗಡಿ ಎಂಬ ಕೆಂಡದ ಕುಡಿಕೆಯಿಂದ ಹೊಟ್ಟೆ, ತೊಡೆಗಳ ಚರ್ಮಕ್ಕೆ ಬರುವ ಕ್ಯಾನ್ಸರನ್ನು ವೈದ್ಯರು ಆ ಕುಡಿಕೆಯ ಹೆಸರಿನಿಂದಲೇ ಕರೆಯುತ್ತಾರೆ.

ಗಮನಿಸಬೇಕಾದದ್ದು ಇಷ್ಟು: ದೊಡ್ಡದಾಗುತ್ತಿರುವ, ಅಂಚು ಸೊಟ್ಟಗಿರುವ, ಒಂದೊಂದು ಕಡೆ ಒಂದೊಂದು ಬಣ್ಣವಿರುವ ಮಚ್ಚೆ, ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆ, ನಾಲ್ಕು ವಾರವಾದರೂ ಮಾಯದ, ಮುಟ್ಟಿದರೆ ರಕ್ತ ಒಸರುವ ಹುಣ್ಣು. ನೋವಿಲ್ಲವೆಂದು ಸುಮ್ಮನಿರಬೇಡಿ, ಮೊದಮೊದಲು ನೋವಿರುವುದೇ ಇಲ್ಲ.

ಚೂರು ಚರ್ಮ ತೆಗೆದು ಪರೀಕ್ಷಿಸುವ ಬಯಾಪ್ಸಿಯಿಂದ ರೋಗ ಹರಡುತ್ತದೆಂಬ ಮಾತು ಹಳ್ಳಿಗಳಲ್ಲೂ ಇದೆ, ಪಟ್ಟಣದಲ್ಲೂ ಇದೆ. ಅದು ಬರೀ ಭಯ. ಬೇಗ ಸಿಕ್ಕರೆ ಆ ಭಾಗವನ್ನಷ್ಟೇ ಕತ್ತರಿಸಿ ತೆಗೆದು ಬಹಳ ಮಂದಿಯನ್ನು ಗುಣಪಡಿಸಬಹುದು. ತಡವಾದರೆ ತೊಡೆಸಂದಿನ ಗ್ರಂಥಿಗಳಿಗೆ ಹಬ್ಬಿ, ಕೆಲವೊಮ್ಮೆ ಕಾಲೇ ಹೋಗುತ್ತದೆ. ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಅಲ್ಲಿಂದ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ 1973ರಿಂದ ಕ್ಯಾನ್ಸರಿಗೆಂದೇ ಇರುವ ಕಿದ್ವಾಯಿ ಸಂಸ್ಥೆ ಇದೆ. ವಯಸ್ಸಾದವರು ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳಲಾರರು. ಅಜ್ಜಿಗೆ ಕಾಲು ತೊಳೆಯಲು ಬಿಸಿನೀರು ಕೊಡುವ ಮೊಮ್ಮಕ್ಕಳೇ ಬೆರಳ ಸಂದಿಯವರೆಗೂ ನೋಡಲಿ.