ನಡಾವಳಿ ಬರೆಯುವ ಬುಕ್ಕಿನಕ್ಕ

ಎಚ್.ಡಿ. ಕೋಟೆ ತಾಲೂಕಿನ ಒಂದು ಹಳ್ಳಿ. ಅಲ್ಲಿನ ಮಹಿಳಾ ಸಂಘದಲ್ಲಿ ಲೆಕ್ಕ ಬರೆಯುವ ಹೆಂಗಸನ್ನು ಊರೆಲ್ಲ ಕರೆಯುವುದು ‘ಬುಕ್ಕಿನಕ್ಕ’ ಎಂದೇ. ಓದಿದ್ದು ಏಳನೇ ಕ್ಲಾಸು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಉಳಿತಾಯ, ಸಾಲ, ಬಡ್ಡಿ ಎಲ್ಲಕ್ಕೂ ಬೇರೆ ಬೇರೆ ಪುಸ್ತಕ ಇಟ್ಟಿದ್ದಾರೆ. ಆದರೆ ಅವರ ಜೀವವೆಲ್ಲ ನಡಾವಳಿ ಪುಸ್ತಕದಲ್ಲಿ.

ಬೇರೆ ಕಡೆ ನಡಾವಳಿ ಎಂದರೆ ‘ಚರ್ಚಿಸಿ ತೀರ್ಮಾನಿಸಲಾಯಿತು’ ಎಂಬ ಒಂದು ಸಾಲು, ಕೆಳಗೆ ಸಹಿ. ಇವರು ಜಗಳವನ್ನೂ ಬರೆಯುತ್ತಾರೆ. ಒಂದು ಪುಟದಲ್ಲಿ ಹೀಗಿತ್ತು: ಹಸುವಿಗೆ ಕೇಳಿದ್ದು 15,000. ಹೋದ ಸಲ ಮೇಕೆಗೆಂದು ತೆಗೆದುಕೊಂಡ ದುಡ್ಡು ಮಗನ ಬೈಕಿಗೆ ಹೋಯಿತೆಂದು ಇಬ್ಬರ ತಕರಾರು. ಸಾಲ ಕೇಳಿದವರು ಒಪ್ಪಿಕೊಂಡರು. ಈಗ 10,000 ಕೊಡುವುದು, ಉಳಿದದ್ದು ಹಸು ಕಣ್ಣಿಗೆ ಬಿದ್ದ ಮೇಲೆ. ಮುಂದಿನ ಪುಟದಲ್ಲಿ ತಡವಾಗಿ ಬಂದ ಅಧ್ಯಕ್ಷೆಗೆ ಐದು ರೂಪಾಯಿ ದಂಡ. ‘ಅಧ್ಯಕ್ಷೆ ಆದ್ರೇನು, ಗಡಿಯಾರ ಎಲ್ಲಾರ್ಗೂ ಒಂದೇ ಕಣಪ್ಪ’ ಎಂದು ಬುಕ್ಕಿನಕ್ಕ ನಕ್ಕರು. ಪಕ್ಕದಲ್ಲೇ ಕೂತಿದ್ದ ಅಧ್ಯಕ್ಷೆಯೂ ನಕ್ಕರು, ಸ್ವಲ್ಪ ಕಡಿಮೆ.

ಇಂಥ ಸಂಘಗಳ ಹಿಂದಿರುವ ಸಂಸ್ಥೆ ಮೈರಾಡ. 1968ರಲ್ಲಿ ಹುಟ್ಟಿದಾಗ ಅದರ ಕೆಲಸವೇ ಬೇರೆ. ಟಿಬೆಟ್ ಬಿಟ್ಟು ಬಂದ ನಿರಾಶ್ರಿತರಿಗೆ ಕರ್ನಾಟಕದಲ್ಲಿ ನೆಲೆ ಕಟ್ಟಿಕೊಡಲು ಸರ್ಕಾರಕ್ಕೆ ನೆರವಾಗುವುದು. ಹೆಸರಿನಲ್ಲಿರುವ ಇಂಗ್ಲಿಷಿನ ‘ಆರ್’ ಅಕ್ಷರ ಪುನರ್ವಸತಿಯ (ರೀಸೆಟ್ಲ್‌ಮೆಂಟ್) ಗುರುತು. ಆ ಕೆಲಸ ಮುಗಿಯುತ್ತ ಬಂದಾಗ ಸಂಸ್ಥೆ ಸುತ್ತಲಿನ ಬಡ ಹಳ್ಳಿಗಳತ್ತ ತಿರುಗಿತು. ಬಹುಕಾಲ ಇದರ ಚುಕ್ಕಾಣಿ ಹಿಡಿದಿದ್ದವರು ಅಲೋಷಿಯಸ್ ಪಿ. ಫರ್ನಾಂಡಿಸ್.

ಸ್ವಸಹಾಯ ಸಂಘದ ಯೋಚನೆ ಹುಟ್ಟಿದ್ದು ಒಂದು ಸೋಲಿನಿಂದ. ಸಂಸ್ಥೆಯೇ ಮುಂದೆ ನಿಂತು ಕಟ್ಟಿಸಿದ್ದ ದೊಡ್ಡ ಸಹಕಾರ ಸಂಘಗಳು 1984–85ರ ಹೊತ್ತಿಗೆ ಮುರಿದುಬಿದ್ದವು. ಒಬ್ಬಿಬ್ಬರ ಕೈಗೆ ಸಂಘ ಹೋಗಿತ್ತು, ಉಳಿದವರಿಗೆ ನಂಬಿಕೆ ಹೋಗಿತ್ತು. ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಬಂದು, ಸಾಲ ತೀರಿಸುತ್ತೇವೆ, ಆದರೆ ಆ ಸಂಘಕ್ಕಲ್ಲ, ನಿಮಗೆ ಕಟ್ಟುತ್ತೇವೆ ಎಂದರು. ನಮಗೂ ಬೇಡ, ಜೊತೆಗೆ ಬಂದಿದ್ದೀರಲ್ಲ, ಆ ಗುಂಪಿಗೇ ಕಟ್ಟಿಕೊಳ್ಳಿ ಎಂದಿತು ಸಂಸ್ಥೆ. ವಸೂಲಿಗೆ ಬಂದ ದುಡ್ಡನ್ನು ಬೇಡ ಎನ್ನುವುದು ಯಾವ ಕಚೇರಿಗೂ ಸುಲಭವಲ್ಲ. ಆ ಗುಂಪುಗಳು ಯಾರೋ ಪಟ್ಟಿ ಮಾಡಿ ಸೇರಿಸಿದವಲ್ಲ. ಒಬ್ಬರ ಕಷ್ಟ ಒಬ್ಬರಿಗೆ ಗೊತ್ತಿದ್ದವರು, ಒಬ್ಬರ ಮಾತನ್ನು ಒಬ್ಬರು ನಂಬುವವರು ತಾವಾಗಿ ಕೂಡಿಕೊಂಡಿದ್ದರು. 1987ರ ಹೊತ್ತಿಗೆ ಇಂಥ ಗುಂಪುಗಳು ಸುಮಾರು 300. ಆ ವರ್ಷ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟು ಪ್ರಯೋಗದ ಬೆನ್ನಿಗೆ ನಿಂತಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ರಾಷ್ಟ್ರೀಯ ಪ್ರಯೋಗ ಶುರುವಾಯಿತು. ನೋಂದಣಿ ಇಲ್ಲದ, ಅಡಮಾನ ಇಲ್ಲದ ಗುಂಪಿಗೆ ಬ್ಯಾಂಕು ಒಟ್ಟಾಗಿ ಸಾಲ ಕೊಡುವುದು, ಯಾರಿಗೆ ಎಷ್ಟು ಎಂಬುದನ್ನು ಗುಂಪೇ ನೋಡಿಕೊಳ್ಳುವುದು. ಕರ್ನಾಟಕದ ಸ್ತ್ರೀಶಕ್ತಿ ಯೋಜನೆ ಬಂದದ್ದು ಇದೆಲ್ಲ ಆದಮೇಲೆ, 2000ದ ಹೊತ್ತಿಗೆ.

ಸಂಘ ಕಟ್ಟುವ ಕ್ರಮದಲ್ಲಿ ಗುಟ್ಟೇನೂ ಇಲ್ಲ. ಹದಿನೈದು ಇಪ್ಪತ್ತು ಜನ, ವಾರವಾರ ಉಳಿತಾಯ, ಅದರಲ್ಲೇ ಸಾಲ. ಬುಕ್ಕಿನಕ್ಕನ ಸಂಘದಲ್ಲಿ ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ಬಡ್ಡಿ ಜಾಸ್ತಿಯಾಯಿತಲ್ಲ ಎಂದರೆ, ‘ನಮ್ಮ್ ಬಡ್ಡಿ ನಮ್ಮ್ ಪೆಟ್ಟಿಗೇಲೇ ಬೀಳ್ತದೆ’ ಎಂಬ ಉತ್ತರ. ತರಬೇತಿ ಮಾತ್ರ ವರ್ಷಗಟ್ಟಲೆ ನಡೆಯುತ್ತದೆ: ಸಭೆ ನಡೆಸುವುದು, ಲೆಕ್ಕ ಇಡುವುದು, ಮುಖಂಡರನ್ನು ಬದಲಿಸುವುದು, ಜಗಳ ಬಿಡಿಸುವುದು. ಆಮೇಲೆ ಸಂಸ್ಥೆ ಹಿಂದೆ ಸರಿಯಬೇಕು. ಅದಕ್ಕೆಂದೇ ಸುಮಾರು ನೂರು ಸಂಘಕ್ಕೊಂದರಂತೆ ಸಮುದಾಯವೇ ನಡೆಸುವ ಸಂಪನ್ಮೂಲ ಕೇಂದ್ರಗಳಿವೆ. ಸಂಘಗಳು ಶುಲ್ಕ ಕೊಟ್ಟು ಅಲ್ಲಿ ಲೆಕ್ಕಪರಿಶೋಧನೆ, ತರಬೇತಿ ಪಡೆಯುತ್ತವೆ. ಪುಕ್ಕಟೆ ಸಿಕ್ಕಿದ್ದನ್ನು ಯಾರೂ ಪ್ರಶ್ನಿಸುವುದಿಲ್ಲ. ದುಡ್ಡು ಕೊಟ್ಟ ಹೆಂಗಸರು ಆಡಿಟರನ್ನು ಸರಿಯಾಗಿಯೇ ವಿಚಾರಿಸಿಕೊಳ್ಳುತ್ತಾರೆ.

ಈಗಿನ ಕಾಟ ಬೇರೆ. ಖಾಸಗಿ ಮೈಕ್ರೊಫೈನಾನ್ಸ್‌ನವರು ಜಗಲಿಗೇ ಬಂದು ಸಾಲ ಕೊಡುತ್ತಾರೆ. ವಸೂಲಿಯ ಕಿರುಕುಳ ಎಷ್ಟು ಹೆಚ್ಚಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮೈಕ್ರೊಫೈನಾನ್ಸ್‌ನವರೂ ಹೆಂಗಸರನ್ನು ಗುಂಪಾಗಿಯೇ ಕೂರಿಸುತ್ತಾರೆ, ಆದರೆ ಅಲ್ಲಿ ಗುಂಪಿರುವುದು ಜಾಮೀನಿಗೆ. ಹಸುವೋ ಬೈಕೋ ಎಂದು ಕೇಳುವವರಿಲ್ಲ. ಈ ಸಂಘದಲ್ಲೂ ಕೆಲವರು ಎರಡೂ ಕಡೆ ಸಾಲ ಮಾಡಿದ್ದಾರೆ. ಬುಕ್ಕಿನಕ್ಕನಿಗೆ ಯಾರು ಯಾರೆಂದು ಗೊತ್ತು. ಹೆಸರು ಹೇಳಲಿಲ್ಲ.

ಸರ್ಕಾರದ ಕಡೆಯಿಂದಲೂ ದುಡ್ಡು ಬರುತ್ತದೆ, ಗುರಿ ಬರುತ್ತದೆ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ ಬರುತ್ತದೆ. ಅದರಲ್ಲಿ ಹತ್ತು ಸಾವಿರಕ್ಕೆ ಜಾಗವಿದೆ, ಮೇಕೆಯ ದುಡ್ಡಿನ ತಕರಾರಿಗೆ ಇಲ್ಲ. ಹಳೆಯ ನಡಾವಳಿ ಪುಸ್ತಕಗಳನ್ನು ಜೋಪಾನ ಮಾಡುವ ಯೋಜನೆ ಯಾವುದಾದರೂ ಬಂದರೆ ಒಳ್ಳೆಯದಿತ್ತು. ನಮ್ಮ ಹಳ್ಳಿಗಳ ಹೆಂಗಸರು ತಮ್ಮ ದುಡ್ಡಿನ ಬಗ್ಗೆ ತಾವೇ ಬರೆದಿಟ್ಟ ಇಷ್ಟು ವಿವರವಾದ ಚರಿತ್ರೆ ಬೇರೆಲ್ಲಿ ಸಿಗಬೇಕು?

ಬುಕ್ಕಿನಕ್ಕನಿಗೆ ಈಗ ಸಣ್ಣ ಅಂಕಿ ಕಾಣುವುದು ಕಷ್ಟ. ಬರೆಯುವುದನ್ನು ಇನ್ನೊಬ್ಬರಿಗೆ ವಹಿಸಬೇಕೆಂಬ ವಿಷಯ ಸಭೆಗೆ ಬರುತ್ತದೆ, ಮುಂದಕ್ಕೆ ಹೋಗುತ್ತದೆ. ಓದಿದ ಹುಡುಗಿಯರು ಮೈಸೂರು, ನಂಜನಗೂಡು ಕಡೆಯ ಕಾರ್ಖಾನೆಗಳಿಗೆ ಹೋಗಿ ಊರು ಸೇರುವಾಗ ಸಂಜೆ ಏಳು. ಸಭೆ ಇರುವುದು ನಾಲ್ಕಕ್ಕೆ. ರಾತ್ರಿ ಎಂಟಕ್ಕೆ ಇಟ್ಟುಕೊಳ್ಳೋಣ ಎಂದರೆ ಹಿರಿಯರು, ಕಾಡುಬದಿಯ ಮನೆಯವರು ಒಪ್ಪುತ್ತಿಲ್ಲ.