ಉಸಿರು ಚಿಕ್ಕದಾದಷ್ಟೂ ರೈಲಿಗೆ ವೇಗ

ಮೌತ್ ಆರ್ಗನ್‌ನಲ್ಲಿ ಉಗಿಬಂಡಿ ಓಡಿಸಲು, ಅಂದರೆ ಅದರ ಸದ್ದು ನುಡಿಸಲು, ಎದೆಬಲ ಬೇಕೆಂಬ ನಂಬಿಕೆ ಕಲಿಯುವವರಲ್ಲಿ ಗಟ್ಟಿಯಾಗಿದೆ. ವೇಗ ಏರಬೇಕಾದಾಗಲೆಲ್ಲ ಅವರು ಇನ್ನಷ್ಟು ಜೋರಾಗಿ ಊದಿ, ಎಳೆದು, ಬೇಗನೆ ಸುಸ್ತಾಗುತ್ತಾರೆ. ಆದರೆ ವೇಗ ಹುಟ್ಟುವುದು ಪ್ರತಿ ಉಸಿರನ್ನು ಚಿಕ್ಕದಾಗಿಸುವುದರಿಂದ. ಹತ್ತು ರಂಧ್ರಗಳ ಸಾಮಾನ್ಯ ವಾದ್ಯದಲ್ಲಿ 20 ರೀಡುಗಳಿವೆ. ಅರ್ಧ ಊದಿದಾಗ, ಇನ್ನರ್ಧ ಎಳೆದಾಗ ನುಡಿಯುತ್ತವೆ. ರೈಲಿನ ಸದ್ದಿಗೆ ಬಳಸುವ ಎಡತುದಿಯ ರೀಡುಗಳು ಮಂದ್ರದವು, ಕಂಪಿಸಲು ತುಸು ಹೆಚ್ಚು ಹೊತ್ತು ಬೇಡುತ್ತವೆ. ರಭಸದಿಂದ ಗಾಳಿ ನುಗ್ಗಿಸಿದರೆ ಅವು ನುಡಿಯದೆ ಕಟ್ಟಿಕೊಳ್ಳುವುದೂ ಉಂಟು. ಉಸಿರಿನ ಲೆಕ್ಕ ಇನ್ನೂ ಕಠಿಣ. ವಿಶ್ರಾಂತಿಯಲ್ಲಿ ವಯಸ್ಕರು ಒಮ್ಮೆಗೆ ಎಳೆದುಕೊಳ್ಳುವುದು ಸುಮಾರು 500 ಮಿಲಿಲೀಟರ್. ಅಷ್ಟೇ ಗಾಳಿಯನ್ನು ಸೆಕೆಂಡಿಗೆ ಮೂರು ಬಾರಿ ಆಡಿಸಿದರೆ ನಿಮಿಷಕ್ಕೆ 90 ಲೀಟರ್ ಆಯಿತು. ಕುಳಿತಿರುವ ದೇಹಕ್ಕೆ ಆರೆಂಟು ಲೀಟರ್ ಸಾಕು. ಹೀಗೆ ಅತಿಯಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕುಸಿಯುತ್ತದೆ, ಮೆದುಳಿನ ರಕ್ತನಾಳಗಳು ಕುಗ್ಗುತ್ತವೆ, ತಲೆ ಸುತ್ತುತ್ತದೆ.

ಹಾಗಾದರೆ ಸಣ್ಣ ಉಸಿರಿನ ರೈಲು ಸಪ್ಪೆಯಾಗದೇ ಎಂದು ಕೇಳಬಹುದು. ಉತ್ತರ ಎಂಜಿನ್ನಿನಲ್ಲೇ ಇದೆ. ಎರಡು ಸಿಲಿಂಡರಿನ ಉಗಿ ಎಂಜಿನ್, ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಸಲ ಉಗಿ ಕಕ್ಕುತ್ತದೆ. ಹೊರಡುವಾಗ ಚಾಲಕ ಪಿಸ್ಟನ್ನಿನ ಓಟದ ಬಹುಪಾಲಿಗೂ ಉಗಿ ಬಿಡುವುದರಿಂದ ಆ ಸದ್ದು ಭಾರ, ದೀರ್ಘ. ಓಟ ಹಿಡಿದ ಮೇಲೆ ಉಗಿಯನ್ನು ಬೇಗ ಕಡಿದು, ಒಳಗಿರುವುದು ಹಿಗ್ಗುವಂತೆ ಮಾಡುತ್ತಾನೆ. ಒಂದೊಂದು ಹೊಡೆತವೂ ಮೃದುವಾಗಿ, ಚುಟುಕಾಗುತ್ತದೆ. ವಾದಕರು ಉಸಿರು ಕುಗ್ಗಿಸಿದಾಗ ಮಾಡುವುದೂ ಇದನ್ನೇ. 1.8 ಮೀಟರ್ ವ್ಯಾಸದ ಚಕ್ರ ಗಂಟೆಗೆ 60 ಕಿಲೋಮೀಟರ್ ಓಡಿದರೆ ಸೆಕೆಂಡಿಗೆ ಸುಮಾರು 12 ಹೊಡೆತ. ಉಸಿರಾಟ ನಡೆಸುವ ವಪೆಯಂಥ ದೊಡ್ಡ ಸ್ನಾಯು ಅಷ್ಟು ಸಲ ದಿಕ್ಕು ಬದಲಿಸಲಾರದು. ನಾಲಿಗೆ ಅದಕ್ಕಿಂತ ಹಗುರ: ತುದಿಯಿಂದ ‘ತ’, ಬುಡದಿಂದ ‘ಕ’ ಎನ್ನುತ್ತ ಒಂದೇ ಉಸಿರನ್ನು ಹಲವು ತುಂಡು ಮಾಡಬಲ್ಲದು. ತಾಳದ ಸೊಲ್ಲುಗಳನ್ನು ಬಾಯಲ್ಲೇ ನುಡಿಸುವ ಕೊನ್ನಕ್ಕೋಲಿನ ‘ತಕ’ ದ್ರುತಗತಿಯಲ್ಲೂ ಸಲೀಸಾಗಿ ಹರಿಯುವುದು ಈ ಹಂಚಿಕೆಯಿಂದಲೇ.

ನಾಲಿಗೆಯ ವೇಗ ಹುಟ್ಟಿನಿಂದ ಬರುವುದು, ಅಭ್ಯಾಸದಿಂದ ಬಾರದು ಎನ್ನುವವರೂ ಇದ್ದಾರೆ. ಒಬ್ಬೊಬ್ಬರ ಮಿತಿ ಬೇರೆಯೆಂಬುದು ದಿಟ. ಆದರೆ ಹೆಚ್ಚಿನವರು ಆ ಮಿತಿ ಮುಟ್ಟುವ ಮೊದಲೇ ದವಡೆ, ಗಂಟಲು ಬಿಗಿದು ನಿಂತುಬಿಡುತ್ತಾರೆ. ಟೆನೆಸಿಯ ಕಪ್ಪು ಕಲಾವಿದ ಡಿಫೋರ್ಡ್ ಬೈಲಿ ಮೌತ್ ಆರ್ಗನ್‌ನಲ್ಲಿ ರೈಲಿನ ಓಟವನ್ನೇ ನುಡಿಸಿ 1927ರಲ್ಲಿ ಧ್ವನಿಮುದ್ರಿಸಿದ ‘ಪ್ಯಾನ್ ಅಮೆರಿಕನ್ ಬ್ಲೂಸ್’ ಕೇಳಿ. ಅಭ್ಯಾಸಕ್ಕೆ ಕೂತಾಗ ನಾಲ್ಕರಲ್ಲಿ ಮೊದಲ ಹೊಡೆತಕ್ಕೆ ಮಾತ್ರ ಒತ್ತು ಕೊಡಿ, ಮಿಕ್ಕವನ್ನು ಪಿಸುಮಾತಿನಷ್ಟಕ್ಕೆ ಇಳಿಸಿ. ಎದೆ ತುಂಬಿ ಬಂದರೆ ಹೆಚ್ಚಿನ ಗಾಳಿಯನ್ನು ಮೂಗಿನಿಂದ ಬಿಡಿ. ತಲೆ ಸುತ್ತಿದರೆ ವಾದ್ಯ ಕೆಳಗಿಡಿ.