ಗೃಹಸ್ಥನಿಗೆ ತಕ್ಕ ರಥ

ಮನೆ ಕಟ್ಟುವುದು, ಮಕ್ಕಳ ಮದುವೆ ಮಾಡುವುದು, ಇವೆರಡೇ ಗೃಹಸ್ಥನ ಆಯುಸ್ಸಿನಲ್ಲಿ ದೊಡ್ಡ ವೆಚ್ಚದ ಕಾರ್ಯಗಳೆಂದು ನಮ್ಮ ಹಿರಿಯರು ಎಣಿಸಿದ್ದರು. ಈಗ ಮೂರನೆಯದೊಂದು ಬಂದು ಸೇರಿದೆ. ಅದು ಮೋಟಾರುಗಾಡಿಯನ್ನು ಕೊಳ್ಳುವುದು. ಮೊದಲಿನೆರಡು ಕಾರ್ಯಗಳಿಗೆ ಹತ್ತು ಜನರನ್ನು ಕೇಳಿ, ನೂರು ಸಲ ಆಲೋಚಿಸಿ ಕೈಹಾಕುವ ಜನರು, ಈ ಮೂರನೆಯದನ್ನು ಮಾತ್ರ ಅಂಗಡಿಯ ಗಾಜಿನ ಆಚೆ ಹೊಳೆಯುವ ಬಣ್ಣವನ್ನು ನೋಡಿ ನಿಶ್ಚಯಿಸಿಬಿಡುವುದುಂಟು. ಈ ವಿಷಯದಲ್ಲಿ ನಮ್ಮ ಕುಟುಂಬದಲ್ಲಿಯೇ ನಡೆದ ಒಂದು ಚರ್ಚೆಯನ್ನು ವಾಚಕರ ಮುಂದಿಟ್ಟರೆ ಕೆಲವರಿಗಾದರೂ ಉಪಯೋಗವಾದೀತೆಂದು ನಂಬಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಸೋದರಳಿಯನೊಬ್ಬನು ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವನು. ಒಳ್ಳೆಯ ಸಂಬಳ, ಹೆಂಡತಿ, ಏಳು ವರ್ಷದ ಮಗಳು, ವೃದ್ಧೆಯಾದ ತಾಯಿ. ಕಳೆದ ವರ್ಷ ಅವನಿಗೆ ಜರ್ಮನಿಯ ಮಾದರಿಯ ವೇಗದ ಗಾಡಿಯೊಂದರ ಮೇಲೆ ಮನಸ್ಸಾಯಿತು. ನಿಂತ ನಿಲುವಿನಿಂದ ಐದು ಸೆಕೆಂಡಿನೊಳಗೆ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮುಟ್ಟುವ ಗಾಡಿ. ಅದಕ್ಕಾಗಿ 50 ಲಕ್ಷ ರೂಪಾಯಿ ಸಾಲ ಮಾಡಲು ಅವನು ಸಿದ್ಧನಾಗಿದ್ದನು. ಅವನ ಗೃಹಿಣಿಯ ಇಷ್ಟ ಬೇರೆ. ಪೆಟ್ರೋಲು ಮತ್ತು ವಿದ್ಯುಚ್ಛಕ್ತಿಗಳೆರಡರಿಂದಲೂ ಓಡುವ ಹೈಬ್ರಿಡ್ ಗಾಡಿ ಸಾಕೆಂದು ಆಕೆಯ ಮತ. ಮಾತು ತೀರ್ಮಾನವಾಗದೆ ಇಬ್ಬರೂ ಮೈಸೂರಿಗೆ ಬಂದು, “ಮಾವ, ನೀವೇ ಹೇಳಿಬಿಡಿ” ಎಂದರು. ನಮ್ಮ ತಂಗಿಯು ಮಾತ್ರ ಒಳಗಿನಿಂದಲೇ, “ಅಣ್ಣಯ್ಯ, ಅವನ ಓದಿಗೆ ನನ್ನ ಬಳೆ ಮಾರಿದ್ದು ನಿನಗೆ ನೆನಪಿದೆಯಲ್ಲ” ಎಂದು ಹೇಳಿ ಸುಮ್ಮನಾದಳು.

ಶಾಸ್ತ್ರವಿಚಾರದಲ್ಲಿ ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಿ ಆಮೇಲೆ ಸಿದ್ಧಾಂತಕ್ಕೆ ಬರುವುದು ಸಂಪ್ರದಾಯ. ಆದಕಾರಣ ಅಳಿಯನ ಪಕ್ಷವನ್ನು ಮೊದಲು ಹೇಳುತ್ತೇವೆ. ವೇಗದ ಗಾಡಿಯು ಬರಿಯ ಆಡಂಬರವಲ್ಲ. ಜರ್ಮನಿಯಲ್ಲಿ ಆಟೋಬಾನ್ ಎಂಬ ಹೆದ್ದಾರಿಗಳುಂಟು. ಅವುಗಳ ಅನೇಕ ಭಾಗಗಳಲ್ಲಿ ವೇಗಕ್ಕೆ ಮಿತಿಯೇ ಇಲ್ಲ. ಅಂತಹ ದಾರಿಯಲ್ಲಿ ಓಡುವ ಗಾಡಿಗೆ ದೃಢವಾದ ಬ್ರೇಕು, ನೆಲವನ್ನು ಕಚ್ಚಿ ಹಿಡಿಯುವ ಅಗಲವಾದ ಚಕ್ರ, ತಿರುವಿನಲ್ಲಿಯೂ ವಾಲದ ಮೈಕಟ್ಟು ಇವೆಲ್ಲವೂ ಬೇಕು. ಮರ್ಸಿಡಿಸ್ ಗಾಡಿಗಳನ್ನು ವೇಗಕ್ಕೆ ತಿದ್ದುವ ಎ.ಎಂ.ಜಿ. ಸಂಸ್ಥೆಯು 1967ರಲ್ಲಿಯೂ, ಬಿ.ಎಂ.ಡಬ್ಲ್ಯು. ಸಂಸ್ಥೆಯ ‘ಎಂ’ ಶಾಖೆಯು 1972ರಲ್ಲಿಯೂ ಹುಟ್ಟಿದವು. ಅಂದಿನಿಂದ ಇಂದಿನವರೆಗೆ ನಡೆದ ಪರಿಶ್ರಮದ ಫಲ ಆ ಗಾಡಿಗಳಲ್ಲಿದೆ. “ಕಾಮವೂ ಒಂದು ಪುರುಷಾರ್ಥವೇ ಅಲ್ಲವೇ ಮಾವ? ದುಡಿದವನು ಸ್ವಲ್ಪ ಸಂತೋಷಪಟ್ಟರೆ ತಪ್ಪೇನು?” ಎಂದು ಅವನು ಕೇಳಿದಾಗ ಅದನ್ನು ತಳ್ಳಿಹಾಕಲು ನಮಗೆ ಮನಸ್ಸು ಬರಲಿಲ್ಲ.

ಇನ್ನು ಎರಡನೆಯ ಪಕ್ಷ. ಹೈಬ್ರಿಡ್ ಎಂಬುದು ನಿನ್ನೆ ಮೊನ್ನೆಯ ಕಲ್ಪನೆಯಲ್ಲ. 1900ರಲ್ಲಿಯೇ ಆಸ್ಟ್ರಿಯಾ ದೇಶದ ಲೋಹ್ನರ್ ಸಂಸ್ಥೆಯಲ್ಲಿದ್ದ ಫರ್ಡಿನೆಂಡ್ ಪೋರ್ಶೆ ಎಂಬ ಯಂತ್ರಶಿಲ್ಪಿಯು, ಪೆಟ್ರೋಲ್ ಯಂತ್ರದಿಂದ ವಿದ್ಯುತ್ತನ್ನು ಉತ್ಪಾದಿಸಿ ಅದರಿಂದ ಚಕ್ರಗಳನ್ನು ತಿರುಗಿಸುವ ಗಾಡಿಯನ್ನು ನಿರ್ಮಿಸಿದನು. ಇಂದು ವೇಗದ ಗಾಡಿಗಳಿಗೆ ಲೋಕಪ್ರಸಿದ್ಧವಾದ ಸಂಸ್ಥೆಯು ಧರಿಸಿರುವುದು ಇವನ ಹೆಸರನ್ನೇ ಎಂಬುದು ವಿನೋದದ ಸಂಗತಿ. ಆದರೆ ಈ ಬಗೆಯ ಗಾಡಿಯು ಮನೆಮಂದಿಯ ಕೈಗೆ ಬಂದುದು ಬಹುಕಾಲದ ಮೇಲೆ. 1997ರ ಡಿಸೆಂಬರಿನಲ್ಲಿ ಟೊಯೋಟಾ ಸಂಸ್ಥೆಯು ಜಪಾನಿನಲ್ಲಿ ‘ಪ್ರಿಯಸ್’ ಎಂಬ ಗಾಡಿಯನ್ನು ಮಾರಾಟಕ್ಕಿಟ್ಟಿತು. ಪ್ರಿಯಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ‘ಮುಂಚೆ’ ಎಂದರ್ಥ. ನಮ್ಮ ಸಂಸ್ಕೃತದ ‘ಪ್ರ’ ಎಂಬ ಉಪಸರ್ಗಕ್ಕೆ ಅದು ದೂರದ ಬಂಧು. ಭಾರತದಲ್ಲಿ 2008ರಲ್ಲಿ ಹೋಂಡಾ ಸಿವಿಕ್, 2010ರಲ್ಲಿ ಪ್ರಿಯಸ್ ಬಂದವು; ಬೆಲೆ ಹೆಚ್ಚಾಗಿದ್ದುದರಿಂದ ಜನರು ಅವುಗಳನ್ನು ದೂರದಿಂದಲೇ ನೋಡಿದರು. 2022ರ ತರುವಾಯ ನಮ್ಮ ಬಿಡದಿಯ ಕಾರ್ಖಾನೆಯಲ್ಲಿಯೇ ಹೈರೈಡರ್, ಇನ್ನೋವಾ ಹೈಕ್ರಾಸ್ ಮೊದಲಾದ ಹೈಬ್ರಿಡ್ ಗಾಡಿಗಳು ತಯಾರಾಗತೊಡಗಿದ ಮೇಲೆ ಅವು ಮಧ್ಯಮವರ್ಗದ ಬೀದಿಗಳಲ್ಲಿಯೂ ಕಾಣತೊಡಗಿವೆ.

ಇವುಗಳ ಮರ್ಮವೇನು? ಸಾಧಾರಣವಾದ ಗಾಡಿಯಲ್ಲಿ ಬ್ರೇಕು ಹಾಕಿದಾಗಲೆಲ್ಲ ಓಟದ ಶಕ್ತಿಯು ಶಾಖವಾಗಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್ ಗಾಡಿಯಲ್ಲಿ ಆ ಸಮಯದಲ್ಲಿ ವಿದ್ಯುತ್ ಮೋಟಾರೇ ಉತ್ಪಾದಕಯಂತ್ರವಾಗಿ ತಿರುಗಿ, ಆ ಶಕ್ತಿಯ ಒಂದು ಭಾಗವನ್ನು ಬ್ಯಾಟರಿಗೆ ತುಂಬುತ್ತದೆ. ದೀಪದ ಕಂಬದ ಬಳಿ ನಿಂತಾಗ ಯಂತ್ರವು ತಾನಾಗಿಯೇ ಸುಮ್ಮನಾಗುತ್ತದೆ. ಮೆಲ್ಲನೆ ಹೊರಡುವಾಗ ವಿದ್ಯುತ್ತೇ ಗಾಡಿಯನ್ನು ನಡೆಸುತ್ತದೆ. ಆದಕಾರಣ ನಿಂತು ನಿಂತು ಸಾಗುವ ಪಟ್ಟಣದ ದಾರಿಯಲ್ಲಿಯೇ ಇದರ ಲಾಭ ಹೆಚ್ಚು. ಹೆದ್ದಾರಿಯಲ್ಲಿ ಒಂದೇ ವೇಗದಿಂದ ಓಡುವಾಗ ಲಾಭ ಕಡಮೆ. ಟೊಯೋಟಾದ ಕ್ರಮದಲ್ಲಿ ಕ್ಲಚ್ಚು, ಬೇರೆಯಾದ ಸ್ಟಾರ್ಟರು, ಆಲ್ಟರ್ನೇಟರು ಇವು ಇಲ್ಲವೇ ಇಲ್ಲ. ಇಲ್ಲದ ವಸ್ತು ಕೆಡುವುದೂ ಇಲ್ಲ. ಅನೇಕ ದೇಶಗಳಲ್ಲಿ ಬಾಡಿಗೆ ಗಾಡಿಯವರು ಇದನ್ನು ಮೆಚ್ಚಿ ಹಿಡಿದಿರುವುದು ಅದರ ಬಾಳಿಕೆಗೆ ಸಾಕ್ಷಿ. ಬ್ಯಾಟರಿಯ ಭಯವುಳ್ಳವರಿಗೆ ಒಂದು ಮಾತು: ಅದಕ್ಕೆ ಟೊಯೋಟಾ ಸಂಸ್ಥೆಯು ನಮ್ಮ ದೇಶದಲ್ಲಿ 8 ವರ್ಷ ಅಥವಾ 1,60,000 ಕಿಲೋಮೀಟರುಗಳ ಖಾತರಿಯನ್ನು ಕೊಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ‘ಮೈಲ್ಡ್ ಹೈಬ್ರಿಡ್’ ಎಂಬ ಹೆಸರಿನಲ್ಲಿ ಮಾರುವ ಗಾಡಿಗಳಲ್ಲಿರುವ ಸಣ್ಣ ಮೋಟಾರು ಯಂತ್ರಕ್ಕೆ ಕೈಗೂಡಿಸುವುದೇ ಹೊರತು ತಾನೊಂದೇ ಗಾಡಿಯನ್ನು ಎಳೆಯಲಾರದು. ಪೂರ್ಣಪ್ರಮಾಣದ್ದನ್ನು ‘ಸ್ಟ್ರಾಂಗ್ ಹೈಬ್ರಿಡ್’ ಎನ್ನುತ್ತಾರೆ. ಹೆಸರು ಒಂದೇ ಎಂದು ಫಲವೂ ಒಂದೇ ಎಂದು ಭಾವಿಸಿ ಮೋಸಹೋಗಬಾರದು.

ಎರಡು ಪಕ್ಷಗಳನ್ನೂ ಕೇಳಿದ ಮೇಲೆ ನಮಗೆ ಮಹಾಭಾರತದ ನಳೋಪಾಖ್ಯಾನದ ಪ್ರಸಂಗವೊಂದು ನೆನಪಾಯಿತು. ಋತುಪರ್ಣರಾಜನು ಒಂದೇ ದಿನದಲ್ಲಿ ವಿದರ್ಭವನ್ನು ಸೇರಬೇಕಾಗಿತ್ತು. ಬಾಹುಕನ ವೇಷದಲ್ಲಿದ್ದ ನಳನು ಲಾಯಕ್ಕೆ ಹೋಗಿ, ಕೊಬ್ಬಿದ ಕುದುರೆಗಳನ್ನು ಬಿಟ್ಟು ಬಡಕಲಾಗಿ ಕಾಣುವ ಕುದುರೆಗಳನ್ನು ಆರಿಸಿದನು. ರಾಜನು ಶಂಕಿಸಿ ಗದರಿಸಿದರೂ ನಳನು ಅಳುಕಲಿಲ್ಲ. ಅವನು ನೋಡಿದ್ದು ಮೈಯನ್ನಲ್ಲ, ಲಕ್ಷಣವನ್ನು. ಇದನ್ನು ಹೇಳಿದೊಡನೆಯೇ ಅಳಿಯನು ನಕ್ಕು, “ಮಾವ, ನಳನು ಆರಿಸಿದ್ದು ಅತಿ ವೇಗದ ಕುದುರೆಗಳನ್ನೇ ಅಲ್ಲವೇ?” ಎಂದನು. ಶಿಷ್ಯನು ಗುರುವನ್ನು ಹಿಡಿದು ನಿಲ್ಲಿಸಿದಂತಾಯಿತು. ನಾವೂ ನಕ್ಕು, “ಹೌದಪ್ಪ, ಆ ದಿನ ಅವನಿಗೆ ವೇಗವೇ ಬೇಕಾಗಿತ್ತು. ದಾರಿಯೂ ತೆರವಾಗಿತ್ತು. ನಿನಗೆ ನಿತ್ಯವೂ ಕಾದಿರುವ ಸ್ವಯಂವರ ಯಾವುದು? ನಿನ್ನ ದಾರಿ ಎಂತಹುದು?” ಎಂದು ಕೇಳಿದೆವು.

ಅವನ ದಾರಿ ಸಿಲ್ಕ್ ಬೋರ್ಡ್ ವೃತ್ತದ ಮೇಲೆ ಹೋಗುತ್ತದೆ. ಬೆಂಗಳೂರಿನ ನಡುವಣ ಭಾಗದಲ್ಲಿ 10 ಕಿಲೋಮೀಟರ್ ಸಾಗಲು 2022ರಲ್ಲಿ ಸರಾಸರಿ 29 ನಿಮಿಷ ಬೇಕಾಗಿತ್ತೆಂದು ಟಾಂಟಾಂ ಎಂಬ ಸಂಸ್ಥೆಯು ಎಣಿಸಿತ್ತು. ಅಂದರೆ ಗಂಟೆಗೆ ಸುಮಾರು 21 ಕಿಲೋಮೀಟರ್! ಇನ್ನು 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿಯೂ ಮಿತಿ 100 ಕಿಲೋಮೀಟರ್. ಮೀರಿದವರನ್ನು ಹಿಡಿಯಲು ಕ್ಯಾಮರಾಗಳುಂಟು. ಐದು ಸೆಕೆಂಡಿನಲ್ಲಿ ಮುಟ್ಟಬಹುದಾದ ವೇಗವನ್ನು ಮುಟ್ಟಿದ ಮೇಲೆ ಆ ಗಾಡಿಗೆ ಮಾಡಲು ಬೇರೆ ಕೆಲಸವಿಲ್ಲ. ಅವನ ಸ್ನೇಹಿತನೊಬ್ಬನ ವೇಗದ ಗಾಡಿಯ ಹೊಟ್ಟೆಯು ಬೀದಿಯ ಉಬ್ಬೊಂದಕ್ಕೆ ಉಜ್ಜಿ, ರಿಪೇರಿಯ ಸಾಮಾನು ಬರುವವರೆಗೆ ಒಂದು ತಿಂಗಳು ಮೂಲೆಯಲ್ಲಿ ನಿಂತಿತ್ತೆಂಬುದನ್ನೂ ಅವನೇ ಒಪ್ಪಿಕೊಂಡನು.

ಆಮೇಲೆ ಕಾಗದ ಪೆನ್ಸಿಲು ತಂದು ಲೆಕ್ಕಕ್ಕೆ ಕುಳಿತೆವು. ನಿತ್ಯ 40 ಕಿಲೋಮೀಟರಿನಂತೆ ತಿಂಗಳಿಗೆ 22 ದಿನ. ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ ಬರುವುದು. ಒಟ್ಟು ಸುಮಾರು 1,200 ಕಿಲೋಮೀಟರ್, ವರ್ಷಕ್ಕೆ 14,400. ಪೆಟ್ರೋಲಿಗೆ ಲೀಟರಿಗೆ 100 ರೂಪಾಯಿಯೆಂದು ಸುಲಭಕ್ಕಾಗಿ ಹಿಡಿಯೋಣ. ಹೈರೈಡರಿಗೆ ಪರೀಕ್ಷಾಲಯದವರು ಲೀಟರಿಗೆ 27.97 ಕಿಲೋಮೀಟರೆಂದು ಪ್ರಮಾಣಪತ್ರ ಕೊಟ್ಟಿದ್ದರೂ ಬೀದಿಯ ಲೆಕ್ಕ ಬೇರೆಯಾದುದರಿಂದ 20 ಎಂದೇ ಇಟ್ಟುಕೊಳ್ಳೋಣ. ಅಷ್ಟೇ ಗಾತ್ರದ ಸಾಧಾರಣ ಪೆಟ್ರೋಲ್ ಗಾಡಿಗೆ 12, ವೇಗದ ಗಾಡಿಗೆ 7. ಹಾಗಾದರೆ ವರ್ಷಕ್ಕೆ ಹೈಬ್ರಿಡ್ಡಿಗೆ 72,000 ರೂಪಾಯಿ, ಸಾಧಾರಣ ಗಾಡಿಗೆ 1,20,000, ವೇಗದ ಗಾಡಿಗೆ ಎರಡು ಲಕ್ಷಕ್ಕೂ ಮಿಗಿಲು.

ಆದರೆ ಪೆಟ್ರೋಲಿನ ಲೆಕ್ಕವು ಸಣ್ಣದು. ಸಾಲದ ಲೆಕ್ಕವೇ ದೊಡ್ಡದು. 50 ಲಕ್ಷವನ್ನು ನೂರಕ್ಕೆ 9ರ ಬಡ್ಡಿಯಲ್ಲಿ ಏಳು ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 80,400 ರೂಪಾಯಿ. ಬಡ್ಡಿಯೊಂದೇ ಹದಿನೇಳೂವರೆ ಲಕ್ಷ. 20 ಲಕ್ಷದ ಸಾಲಕ್ಕಾದರೆ ಕಂತು 32,200ರ ಆಸುಪಾಸು. ಈ ಅಂಕಿಗಳನ್ನು ಅಳಿಯನು ಬಹಳ ಹೊತ್ತು ನೋಡುತ್ತ ಕುಳಿತಿದ್ದನು. ಆಗ ಅವನ ಗೃಹಿಣಿಯು ಮೆಲ್ಲನೆ, “ಹೋದ ವರ್ಷ ಇವರ ಕಚೇರಿಯಲ್ಲಿ ಎಷ್ಟೋ ಜನರನ್ನು ಮನೆಗೆ ಕಳಿಸಿದರು ಮಾವ. ಮೂರು ತಿಂಗಳು ಇವರು ಸರಿಯಾಗಿ ನಿದ್ದೆ ಮಾಡಲಿಲ್ಲ” ಎಂದಳು. ಅವನು ತಲೆ ತಗ್ಗಿಸಿದನು. ಈ ಸಂಗತಿಯನ್ನು ತಾಯಿಗೆ ಅವನು ತಿಳಿಸಿರಲಿಲ್ಲ.

ಸಾಲದ ಕಂತು ದೊಡ್ಡದಾದಷ್ಟೂ ಉದ್ಯೋಗದಾತನ ಮುಂದೆ ಮನುಷ್ಯನ ಬೆನ್ನು ಬಾಗುತ್ತದೆ. ಒಲ್ಲದ ಕೆಲಸವನ್ನು ಬಿಡಲಾರನು. ಕೆಲಸವೇ ಅವನನ್ನು ಬಿಟ್ಟರೆ ಮನೆಯೇ ಅಲುಗಾಡುತ್ತದೆ. ಗಾಡಿಯು ಅವನನ್ನು ಹೊರುವುದು ದಿನಕ್ಕೆ ಎರಡು ಗಂಟೆ. ಅವನು ಗಾಡಿಯನ್ನು ಹೊರುವುದು ಹಗಲೂ ಇರುಳೂ. ಸಂತೋಷವು ಪುರುಷಾರ್ಥವೆಂಬುದು ನಿಜ. ಆದರೆ ಅರ್ಥದ ನೆಲೆ ಕುಸಿದರೆ ಕಾಮವು ಎಲ್ಲಿ ನಿಲ್ಲಬೇಕು?

ಹಾಗೆಂದು ಹೈಬ್ರಿಡ್ಡೇ ಸರ್ವರಿಗೂ ಶ್ರೇಯಸ್ಕರವೆಂದು ನಾವು ಹೇಳುವುದಿಲ್ಲ. ಅದೇ ಗಾತ್ರದ ಸಾಧಾರಣ ಗಾಡಿಗಿಂತ ಅದಕ್ಕೆ ಎರಡೂವರೆ ಲಕ್ಷ ಹೆಚ್ಚು ಕೊಡಬೇಕಾಗಿ ಬಂತೆಂದು ಇಟ್ಟುಕೊಳ್ಳಿ. ಅಳಿಯನಿಗೆ ವರ್ಷಕ್ಕೆ 48,000 ಉಳಿಯುವುದರಿಂದ ಐದು ವರ್ಷ ದಾಟಿ ಸ್ವಲ್ಪ ಕಾಲದಲ್ಲಿಯೇ ಆ ಹಣ ಹಿಂದಿರುಗುತ್ತದೆ. ನಾವಾದರೋ ಗಾಡಿಯನ್ನು ತೆಗೆಯುವುದು ಮಾರುಕಟ್ಟೆಗೆ, ನಂಜನಗೂಡಿಗೆ, ವೈದ್ಯರ ಮನೆಗೆ. ವರ್ಷಕ್ಕೆ 4,000 ಕಿಲೋಮೀಟರ್ ಆದರೆ ಹೆಚ್ಚು. ನಮಗೆ ಆ ಹಣ ಹಿಂದಿರುಗಲು ಹತ್ತೊಂಬತ್ತು ವರ್ಷ ಬೇಕು. ಅಷ್ಟು ಕಾಲ ನಾವೇ ಇರುವೆವೋ ಇಲ್ಲವೋ! ನಮ್ಮಂತಹವರಿಗೆ ಇರುವ ಚಿಕ್ಕ ಗಾಡಿಯೇ ಲೇಸು. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಗಾಡಿಗಳ ಮೇಲೆ ಜಿ.ಎಸ್.ಟಿ. ತೆರಿಗೆಯು ನೂರಕ್ಕೆ 18ಕ್ಕೆ ಇಳಿದಿದೆ. ದೊಡ್ಡ ಗಾಡಿಗಳಿಗಾದರೋ, ಹೈಬ್ರಿಡ್ಡಾಗಲಿ ವೇಗದ್ದಾಗಲಿ, 40. ಕೇವಲ ವಿದ್ಯುತ್ತಿನಿಂದ ಓಡುವ ಗಾಡಿಗಳಿಗೆ ತೆರಿಗೆ 5 ಮಾತ್ರ. ಮನೆಯಲ್ಲಿಯೇ ವಿದ್ಯುತ್ತು ತುಂಬಿಕೊಳ್ಳುವ ಅನುಕೂಲವುಳ್ಳವರು ಅದನ್ನೂ ವಿಚಾರಿಸತಕ್ಕದ್ದು. ಅಳಿಯನ ವಸತಿಯಲ್ಲಿ ಆ ಅನುಕೂಲವಿರಲಿಲ್ಲ.

ನಾವು ಅವನಿಗೆ ತೀರ್ಪನ್ನು ಕೊಡಲಿಲ್ಲ. ವಯಸ್ಸಿಗೆ ಬಂದವನಿಗೆ ಲೆಕ್ಕ ತೋರಿಸಬಹುದೇ ಹೊರತು ಆಜ್ಞೆ ಮಾಡಲಾಗದು. ಒಂದು ತಿಂಗಳು ಪ್ರತಿದಿನದ ಓಟವನ್ನು ಬರೆದಿಡು, ಆಮೇಲೆ ನಿನ್ನ ಇಷ್ಟ ಎಂದು ಹೇಳಿ ಕಳಿಸಿದೆವು. ಎರಡು ತಿಂಗಳ ಮೇಲೆ ನಮ್ಮ ಮನೆಯ ಮುಂದೆ ಸದ್ದಿಲ್ಲದೆ ಗಾಡಿಯೊಂದು ಬಂದು ನಿಂತಿತು. ಸದ್ದಿಲ್ಲದುದರಿಂದಲೇ ಅದು ಯಾವುದೆಂದು ತಿಳಿಯಿತು. ಮೊಮ್ಮಗಳು ಇಳಿದು ಓಡಿಬಂದಳು. ಹಿಂದೆ ನಮ್ಮ ತಂಗಿಯು ಮಂಡಿಯ ನೋವಿನವಳಾದರೂ ಯಾರ ಕೈಯನ್ನೂ ಹಿಡಿಯದೆ ಇಳಿದಳು. ಗಾಡಿಯ ಪೀಠ ಎತ್ತರವಾಗಿತ್ತು. ಆ ಲಕ್ಷಣವು ನಮ್ಮ ಲೆಕ್ಕದ ಕಾಗದದಲ್ಲಿ ಇರಲಿಲ್ಲ; ಅಳಿಯನೇ ಅದನ್ನು ನೋಡಿ ಆರಿಸಿದ್ದನು.

“ವೇಗದ ಗಾಡಿಯ ಆಸೆ ಹೋಯಿತೇ?” ಎಂದು ಕೇಳಿದೆವು. “ಹೋಗಿಲ್ಲ ಮಾವ. ಮಗಳ ಓದು ಮುಗಿಯಲಿ” ಎಂದನು. ಆಸೆಯನ್ನು ಕೊಲ್ಲದೆ ಅದಕ್ಕೆ ತಕ್ಕ ಕಾಲವನ್ನು ಗೊತ್ತುಮಾಡಿದ ಆ ಉತ್ತರ ನಮಗೆ ಸಮಾಧಾನವನ್ನು ತಂದಿತು. ಗಾಡಿಯನ್ನು ಕೊಳ್ಳಲು ಹೊರಟ ವಾಚಕರೂ ಅಂಗಡಿಗೆ ಹೋಗುವ ಮೊದಲು ತಮ್ಮ ದಾರಿಯನ್ನೂ, ಓಟವನ್ನೂ, ತಿಂಗಳ ಕಂತನ್ನೂ ಒಂದು ಕಾಗದದ ಮೇಲೆ ಬರೆದು ಮನೆಯವರೆಲ್ಲರಿಗೂ ಓದಿ ಹೇಳಲಿ ಎಂಬುದೇ ನಮ್ಮ ಬಿನ್ನಹ.